ಬಾಡಿಗೆದಾರರು ಒಗ್ಗೂಡುವುದು ಹೇಗೆ?

ಬೆಂಗಳೂರಿನಲ್ಲಿ ಒಂದೇ ಕಟ್ಟಡದ ಎಂಟು ಮನೆಗಳಿಗೆ ಎಂಟು ಬಗೆಯ ಬಾಡಿಗೆ, ಎಂಟು ಬಗೆಯ ಕರಾರು ಇರುವುದುಂಟು. ಪಕ್ಕದ ಮನೆಯವರಿಗೂ ಅದು ಗೊತ್ತಿರುವುದಿಲ್ಲ. ಒಗ್ಗೂಡುವ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದಲೇ. ಒಂದು ಭಾನುವಾರ ಮಹಡಿಯ ಮೇಲೆ ಸೇರಿ, ಪ್ರತಿ ಮನೆಯ ಬಾಡಿಗೆ, ಅಡ್ವಾನ್ಸ್, ನೀರಿನ ಚಾರ್ಜು, ವರ್ಷವರ್ಷದ ಏರಿಕೆ, ಖಾಲಿ ಮಾಡುವಾಗ ಪೇಂಟಿಂಗಿಗೆಂದು ಮುರಿದುಕೊಳ್ಳುವ ಮೊತ್ತ ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದಿಟ್ಟರೆ ಯಾರಿಗೆ ಎಲ್ಲಿ ಹೊಡೆತ ಬೀಳುತ್ತಿದೆ ಎಂಬುದು ಕಣ್ಣಿಗೆ ಬೀಳುತ್ತದೆ.

ಮುಂದಿನದು ಕಾನೂನು ತಿಳಿಯುವುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ರಾಜಧಾನಿಯಲ್ಲಿ ಅನ್ವಯವಾಗುವುದು ತಿಂಗಳ ಬಾಡಿಗೆ 3,500 ರೂಪಾಯಿ ಮೀರದ ಮನೆಗಳಿಗೆ ಮಾತ್ರ. ಆ ದರಕ್ಕೆ ಈಗ ಮನೆ ಸಿಗುವುದೆಲ್ಲಿ? ಉಳಿದವರಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ತಾವು ಸಹಿ ಹಾಕಿದ ಕರಾರೇ ಗತಿ. ಹಾಗಾಗಿ ಕರಾರಿನ ಒಂದೊಂದು ಸಾಲಿಗೂ ಜಗ್ಗಾಡಬೇಕು, ಅದನ್ನು ಒಂಟಿಯಾಗಿ ಮಾಡುವುದು ಕಷ್ಟ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಯ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು, ಮಾಲೀಕರು ಮನೆಯೊಳಗೆ ಬರುವ 24 ಗಂಟೆ ಮೊದಲೇ ತಿಳಿಸಬೇಕು ಎನ್ನುತ್ತದೆ. ಅದು ಮಾದರಿ ಅಷ್ಟೇ. ರಾಜ್ಯ ತನ್ನದಾಗಿಸಿಕೊಳ್ಳದೆ ಕೋರ್ಟಿನಲ್ಲಿ ನಿಲ್ಲದು. ಆದರೂ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ವಾಡಿಕೆಯ ಊರಿನಲ್ಲಿ ಮಾತುಕತೆಗೆ ಒಯ್ಯಲೇಬೇಕಾದ ಕಾಗದ.

ಬೇಡಿಕೆ ಮೂರಕ್ಕಿಂತ ಹೆಚ್ಚು ಬೇಡ. ಅಡ್ವಾನ್ಸ್ ವಾಪಸಿಗೆ ಗಡುವು, ಪೇಂಟಿಂಗ್ ಕಡಿತಕ್ಕೆ ಮಿತಿ, ಪ್ರತಿ ಮನೆಗೂ ಬೇರೆ ವಿದ್ಯುತ್ ಮೀಟರ್ ಇವು ಒಳ್ಳೆಯ ಆರಂಭ. ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ; ಆದರೆ ಮೂರ್ನಾಲ್ಕು ಮನೆಗೆ ಒಂದೇ ಮೀಟರ್ ಇದ್ದರೆ ಬಳಕೆ 200 ಯೂನಿಟ್ ಮಿತಿ ದಾಟಿ ಯಾರಿಗೂ ದಕ್ಕದೆ ಹೋಗುತ್ತದೆ. ಎಲ್ಲರ ಸಹಿ, ದಿನಾಂಕ ಇರುವ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ಮಾತಿಗೆ ಇಬ್ಬರು ಹೋದರೆ ಸಾಕು.

ಬಾಡಿಗೆ ಕೊಡುವುದನ್ನೇ ನಿಲ್ಲಿಸಿದರೆ ಹೇಗೆ ಎಂಬ ಪ್ರಶ್ನೆ ಸಭೆಯಲ್ಲಿ ಬಂದೇ ಬರುತ್ತದೆ. 1915ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹಾಗೆ ನಡೆದಿತ್ತು. ಮಹಾಯುದ್ಧದ ನಡುವೆ ಮಾಲೀಕರು ಬಾಡಿಗೆ ಏರಿಸಿದಾಗ ಗೋವನ್ ಪ್ರದೇಶದ ಮೇರಿ ಬಾರ್ಬರ್ ನೆರೆಹೊರೆಯ ಹೆಂಗಸರನ್ನು ಕಟ್ಟಿಕೊಂಡು ನಿಂತರು. ಜಪ್ತಿಗೆ ಬಂದ ಅಧಿಕಾರಿಗಳ ಮೇಲೆ ಹಿಟ್ಟಿನ ಪೊಟ್ಟಣ ಎಸೆದು ಓಡಿಸಿದರು. ನವೆಂಬರ್ ಹೊತ್ತಿಗೆ ಸುಮಾರು 20,000 ಬಾಡಿಗೆದಾರರು ಸೇರಿದ್ದರು; ಡಿಸೆಂಬರಿನಲ್ಲೇ ಬ್ರಿಟಿಷ್ ಸಂಸತ್ತು ಬಾಡಿಗೆಯನ್ನು ಯುದ್ಧ ಶುರುವಾದಾಗಿನ ಮಟ್ಟದಲ್ಲೇ ತಡೆದು ನಿಲ್ಲಿಸುವ ಕಾಯ್ದೆ ತಂದಿತು. ಒಂದು ಕಟ್ಟಡದ ಎಂಟು ಮನೆಯವರು ಈ ದಾರಿ ಹಿಡಿಯಬಾರದು. ಇಲ್ಲಿ ಬಾಕಿ ಉಳಿದ ಬಾಡಿಗೆಯೇ ಹೊರಹಾಕಲು ನೆಪವಾಗುತ್ತದೆ. ಮಾತುಕತೆ ಬಿಗಡಾಯಿಸಿದರೂ ಹಣ ಪ್ರತಿ ತಿಂಗಳು ನಿಗದಿಯಾದ ದಿನಕ್ಕೇ ಬ್ಯಾಂಕ್ ಮೂಲಕ ಮಾಲೀಕರ ಖಾತೆಗೆ ಸೇರಬೇಕು.

ಬೀಗ ಜಡಿದು ಸಾಮಾನು ಬೀದಿಗಿಟ್ಟರೆ? ಆಗ ನೆರೆಯವರೇ ಸಾಕ್ಷಿ. ಕೂಡಲೇ ಫೋಟೊ ತೆಗೆದು ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಕಾನೂನಿನ ದಾರಿ ಬಿಟ್ಟು ಹೊರಹಾಕಿದವರ ವಿರುದ್ಧ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವಿದೆ, ಸಹಾಯವಾಣಿ 15100.

ಗುಂಪು ಬೀದಿಯಾಚೆ ಬೆಳೆದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಸೇರಿ ಸಂಘ ನೋಂದಾಯಿಸಬಹುದು. ಆಮೇಲೆ ಸಂಘದ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆದು, ಸದಸ್ಯರ ಚಂದಾದಿಂದ ವಕೀಲರ ಖರ್ಚಿಗೆ ಒಂದಿಷ್ಟು ಹಣ ಕೂಡಿಡಬಹುದು.