ವಿದ್ಯುನ್ಮಾರ್ಗಕ್ಕೆ ಮುನ್ನ ನೆಲದ ಶೋಧನೆ

ಕೆ. ಹೊಸಕೋಟೆಯು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಒಂದು ಹೋಬಳಿ. ಕಾಫಿ ತೋಟ, ಕಣಿವೆಯ ಗದ್ದೆ, ಕಾಡು ಕವಿದ ಗುಡ್ಡ. ದಾರಿಹೋಕರಿಗೆ ಇಲ್ಲಿ ಕಾಣುವುದು ಇಷ್ಟೇ. ಆದರೆ ಊರ ಹೆಸರಿನಲ್ಲಿಯೇ ‘ಕೋಟೆ’ ಸೇರಿರುವಾಗ ಪ್ರಾಚೀನ ಸಂಶೋಧಕನು ಎರಡು ಪ್ರಶ್ನೆಗಳನ್ನು ಕೇಳದೆ ಮುಂದಡಿಯಿಡಲಾರನು: ಕೋಟೆ ಎಲ್ಲಿತ್ತು? ಹೊಸದಕ್ಕೆ ಮೊದಲಿದ್ದ ಹಳೆಯದು ಯಾವುದು?

ಕರಾವಳಿಯ ನಂದಿಕೂರಿನಿಂದ ಘಟ್ಟವನ್ನೇರಿ ಹಾಸನದ ಬಳಿಯ ಶಾಂತಿಗ್ರಾಮಕ್ಕೆ ಬಂದಿರುವ 400 ಕಿಲೋವೋಲ್ಟ್ ವಿದ್ಯುನ್ಮಾರ್ಗವನ್ನು ಈ ಜಿಲ್ಲೆಯವರು ಬಲ್ಲರು. ಅಂಥ ಮಾರ್ಗಕ್ಕೆ ಸುಮಾರು 46 ಮೀಟರ್ ಅಗಲದ ಪಟ್ಟಿ ಬೇಕು. 350-400 ಮೀಟರಿಗೊಂದರಂತೆ ಗೋಪುರ ನಿಲ್ಲಬೇಕು. ಗೋಪುರದ ಕಾಲುಗಳಿಗೆ ತೋಡುವ ಗುಂಡಿಗಳು ಸಣ್ಣವೇ. ಅವುಗಳಿಗಿಂತ ಹೆಚ್ಚಿನ ಹಾನಿ ಲಾರಿ ಹೋಗಲು ಕಡಿಯುವ ದಾರಿಯಿಂದ, ಯಂತ್ರ ನಿಲ್ಲಿಸಲು ಸಮಗೊಳಿಸುವ ನೆಲದಿಂದ ಒದಗುತ್ತದೆ. ತಂತಿ ಹಾಯಿಸುವವರು ಬಯಸುವ ಗುಡ್ಡದ ನೆತ್ತಿಯನ್ನೇ ಬೃಹತ್ ಶಿಲಾಯುಗದ ಜನರೂ ಅನೇಕ ಕಡೆ ತಮ್ಮ ಸಮಾಧಿಗಳಿಗೆ ಆರಿಸಿಕೊಂಡಿದ್ದರು. ಹಳ್ಳಿಗರು ‘ಪಾಂಡವರ ಮನೆ’ ಎನ್ನುವ ಕಲ್ಲುಚಪ್ಪಡಿಯ ಗೂಡುಗಳು ಅವೇ.

ಸಕಲೇಶಪುರದ ಬಳಿ ಟೀಪೂ ಸುಲ್ತಾನನು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಯಂಥದಕ್ಕೆ ಭಯವಿಲ್ಲ; ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧವನ್ನೂ ಅದರಾಚೆ 200 ಮೀಟರ್ ನಿಯಂತ್ರಣವನ್ನೂ 2010ರ ತಿದ್ದುಪಡಿಯು ಶಾಸನಬದ್ಧಗೊಳಿಸಿತು. ಪಟ್ಟಿಗೆ ಸೇರದ ವೀರಗಲ್ಲು, ಮಾಸ್ತಿಕಲ್ಲುಗಳ ಗತಿಯೇನು? ಪರಿಸರದ ಪೂರ್ವಾನುಮತಿ ಬೇಕಾದ ಕಾಮಗಾರಿಗಳನ್ನು ಹೆಸರಿಸಿದ 2006ರ ಅಧಿಸೂಚನೆಯಲ್ಲಿಯೂ ವಿದ್ಯುತ್ ಪ್ರಸರಣ ಮಾರ್ಗವು ಸೇರಲಿಲ್ಲ. ಅರಣ್ಯದ ಅನುಮತಿಯಲ್ಲಿ ಮರಗಳನ್ನು ಎಣಿಸುವರು, ಕಲ್ಲುಗಳನ್ನು ಎಣಿಸುವವರಿಲ್ಲ.

ಆದುದರಿಂದ ಗೂಟ ಹೊಡೆಯುವುದಕ್ಕೆ ಮೊದಲೇ ಶೋಧನೆ ನಡೆಯತಕ್ಕದ್ದು. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟ, ಗ್ರಾಮನಕ್ಷೆ, ಕಂದಾಯ ದಾಖಲೆಯ ಬೇಚರಾಕ್ ಗ್ರಾಮಗಳು, ಇವುಗಳನ್ನು ಮೊದಲು ನೋಡಬೇಕು. ಬಳಿಕ ಕುರುಚಲು ಒಣಗಿದ ಬೇಸಿಗೆಯಲ್ಲಿ ಪಟ್ಟಿಯುದ್ದಕ್ಕೂ, ಲಾರಿಯ ದಾರಿಯುದ್ದಕ್ಕೂ ನಡೆಯಬೇಕು. ಮಡಕೆಯ ಚೂರು, ಕಬ್ಬಿಣದ ಕಿಟ್ಟ, ಸಾಲುಗಲ್ಲುಗಳನ್ನು ಅವಿರುವಲ್ಲಿಯೇ ಗುರುತಿಸಿ ನಕ್ಷೆಗೇರಿಸಬೇಕು. ದನ ಮೇಯಿಸಿದ ಮುದುಕರು ತೋರಿಸುವಷ್ಟನ್ನು ಯಾವ ನಕ್ಷೆಯೂ ತೋರಿಸದು.

‘ಇರುವಲ್ಲಿಯೇ’ ಎಂಬ ಮಾತಿಗೆ ಇಲ್ಲಿ ವಿಶೇಷಾರ್ಥವಿದೆ. ದಾನಶಾಸನಗಳು ಕೊಟ್ಟ ಭೂಮಿಯ ಚತುಸ್ಸೀಮೆಯನ್ನು ಹೇಳುತ್ತವೆ: ಮೂಡಲು ಹುತ್ತ, ತೆಂಕಲು ಹಳ್ಳ, ಪಡುವಲು ನಟ್ಟ ಕಲ್ಲು. ಶಿವಾಲಯಕ್ಕೆ ಬಿಟ್ಟ ಭೂಮಿಯ ಎಲ್ಲೆಯಲ್ಲಿ ನಿಲ್ಲಿಸಿದ ಲಿಂಗಮುದ್ರೆಯ ಕಲ್ಲಿನ ಮೇಲೆ ಅಕ್ಷರವೊಂದೂ ಇರದಿರಬಹುದು. ಅದು ನಿಂತ ತಾಣವೇ ಅದರ ಅಕ್ಷರ. ಹತ್ತು ಮಾರು ಸರಿಸಿದರೆ ಕಲ್ಲು ಉಳಿದು ಸಾಕ್ಷ್ಯ ಅಳಿಯುತ್ತದೆ; ಓಲೆಗರಿಯ ಪದ್ಯವೊಂದನ್ನು ಕಿತ್ತು ಬೇರೆ ಸಂಧಿಗೆ ಅಂಟಿಸಿದಂತೆ. ಅಂಥ ಕಲ್ಲನ್ನು ಗೌರವದಿಂದಲೇ ಶಾಲೆಯಂಗಳಕ್ಕೆ ತಂದು ಸುಣ್ಣ ಬಳಿದು ನಿಲ್ಲಿಸುವುದುಂಟು. ಆ ಗೌರವದಿಂದಲೂ ನಷ್ಟವೇ.

ನೆರೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಅದಕ್ಕೆ ಮುನ್ನ ಅದು ಊರವರ ಪಾಲಿಗೆ ಒಂದು ಕಲ್ಲು ಮಾತ್ರ. ಅದರ ಮೇಲೆ ದಾರಿಯೊಂದು ಹಾದುಹೋಗಿದ್ದರೆ ಸುಮಾರು ಐದನೆಯ ಶತಮಾನದ ಆ ಕನ್ನಡವನ್ನು ಯಾವ ವಿದ್ವಾಂಸನು ಊಹಿಸಿಕೊಳ್ಳಬಹುದಿತ್ತು?

ಶೋಧನೆಯಿಂದ ಕಾಮಗಾರಿ ನಿಲ್ಲುವುದೆಂಬ ಅಂಜಿಕೆಗೆ ಆಧಾರವಿಲ್ಲ. ನಕ್ಷೆಯ ಹಂತದಲ್ಲಿ ಗೋಪುರವನ್ನು ಕೆಲವು ಮೀಟರ್ ಹಿಂದೆ ಮುಂದೆ ಮಾಡುವುದು ಯಂತ್ರಶಿಲ್ಪಿಗಳಿಗೆ ಹೊಸತಲ್ಲ. ತಂತಿಯು ಕಲ್ಲಿನ ಮೇಲೆ ಆಕಾಶದಲ್ಲಿ ಹಾದುಹೋಗಬಲ್ಲದು. ಕಾಂಕ್ರೀಟು ಬಿದ್ದ ಮೇಲೆ ಆ ಅವಕಾಶವಿರುವುದಿಲ್ಲ.