ಹರಿತ ಎಂದರೇನು? ನಾಲ್ಕು ಚಾಕುಗಳ ಪರೀಕ್ಷೆ

ಮಾನವನ ಉಪಕರಣಗಳಲ್ಲಿ ಅತ್ಯಂತ ಪುರಾತನವಾದುದು ಹರಿತವಾದ ಅಂಚು. ಕಲ್ಲಿನಿಂದ ಚಕ್ಕೆ ಎಬ್ಬಿಸಿ, ಅದರ ಅಂಚಿನಿಂದ ಕೊಯ್ಯುವ ವಿದ್ಯೆಯನ್ನು ನಮ್ಮ ಪೂರ್ವಿಕರು 25 ಲಕ್ಷ ವರ್ಷಗಳಿಗೂ ಹಿಂದೆಯೇ ಅರಿತಿದ್ದರು. ಅಂದಿನಿಂದ ಇಂದಿನವರೆಗೂ ಪ್ರಶ್ನೆ ಒಂದೇ: ಕಡಮೆ ಬಲದಿಂದ, ಕೈಗೆ ಗಾಯವಾಗದಂತೆ, ವಸ್ತುವೊಂದನ್ನು ಎರಡಾಗಿಸುವುದು ಹೇಗೆ? ಇದಕ್ಕೆ ಭೌತವಿಜ್ಞಾನವು ಕೊಡುವ ಉತ್ತರವನ್ನು, ಹೆಚ್ಚು ಬೆಲೆಯಿಲ್ಲದ ನಾಲ್ಕು ಚಾಕುಗಳ ನೆರವಿನಿಂದ ವಿಚಾರಿಸೋಣ.

ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಅಣ್ಣನ ಮಗಳು ಗೆಳತಿಯರೊಡನೆ ಪಶ್ಚಿಮಘಟ್ಟದ ಚಾರಣಕ್ಕೆ ಹೊರಟಿದ್ದಳು. ಅವಳ ಚೀಲದಲ್ಲಿ ಯಾವ ಚಾಕು ಇರಬೇಕೆಂಬುದನ್ನು ಮನೆಮಂದಿಯೆಲ್ಲರೂ ಕೂಡಿ ಪರೀಕ್ಷಿಸಿಯೇ ನಿರ್ಣಯಿಸಲು ನಿಶ್ಚಯಿಸಿದೆವು. ಮೊದಲನೆಯದು, ಸಂತೆಯಲ್ಲಿ ಕಮ್ಮಾರನಿಂದ ಕೊಂಡ, ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಚಾಕು. ಎರಡನೆಯದು, ಪೇಟೆಯ ಅಂಗಡಿಯಲ್ಲಿ ಸಿಕ್ಕಿದ, ತುಕ್ಕು ಹಿಡಿಯದ ಉಕ್ಕಿನ ಮಡಿಚುವ ಚಾಕು. ಉಳಿದೆರಡನ್ನು ಬಂಧುಗಳೊಬ್ಬರು ಹೊರದೇಶದಿಂದ ತಂದಿದ್ದರು: ಫ್ರಾನ್ಸಿನ ಸವೊಯ್ ಪ್ರಾಂತದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ರೂಪಿಸಿದ, ಮರದ ಹಿಡಿಯ ಮಡಿಚುವ ಚಾಕು, ಸ್ವೀಡನ್ನಿನ ಮೋರಾ ಊರಿನ, ಒರೆಯಲ್ಲಿಡುವ ಮಡಿಚದ ಚಾಕು. ಇವೆರಡೂ ಅವುಗಳ ನಾಡಿನಲ್ಲಿ ಶ್ರಮಜೀವಿಗಳು ಬಳಸುವ ಸಾಮಾನ್ಯ ಚಾಕುಗಳೇ.

ಬಲವಲ್ಲ, ಒತ್ತಡ

ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ ಮೊತ್ತ. ಚಾಕುವನ್ನು 5 ನ್ಯೂಟನ್ ಬಲದಿಂದ, ಎಂದರೆ ಸುಮಾರು ಅರ್ಧ ಕಿಲೋಗ್ರಾಂ ತೂಕದಷ್ಟು, ಒತ್ತಿದೆವೆಂದು ಭಾವಿಸೋಣ. ಅಂಚಿನ 2 ಸೆಂಟಿಮೀಟರು ಉದ್ದವು ಹಣ್ಣಿಗೆ ತಾಗಿರಲಿ. ಹರಿತವಾದ ಅಂಚಿನ ಅಗಲ ಸುಮಾರು 1 ಮೈಕ್ರೋಮೀಟರು, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಆಗ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಸುಮಾರು 2,500 ಪಟ್ಟು ಹೆಚ್ಚು. ಅಂಚು ಮೊಂಡಾಗಿ ಅಗಲವು 20 ಮೈಕ್ರೋಮೀಟರಾದರೆ, ಅದೇ ಬಲಕ್ಕೆ ದೊರೆಯುವುದು ಸುಮಾರು 125 ಪಟ್ಟು ಮಾತ್ರ. ಕಣ್ಣಿಗೆ ಕಾಣದ ಈ ಅಗಲವೇ ಹರಿತದ ರಹಸ್ಯ.

ಇದನ್ನು ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಅಡುಗೆಮನೆಯ ವಿದ್ಯುನ್ಮಾನ ತಕ್ಕಡಿಯ ಮೇಲೆ ಚಿಕ್ಕ ಮರದ ಚೌಕಟ್ಟನ್ನಿಟ್ಟು, ಅದಕ್ಕೆ ಹೊಲಿಗೆಯ ದಾರವನ್ನು ಬಿಗಿದೆವು. ತಕ್ಕಡಿಯನ್ನು ಸೊನ್ನೆಗೆ ತಂದು, ಚಾಕುವಿನಿಂದ ದಾರವನ್ನು ಮೆಲ್ಲಗೆ ಒತ್ತಿ, ತುಂಡಾಗುವ ಕ್ಷಣದ ಅಂಕಿಯನ್ನು ಓದಿದೆವು. ಸಂತೆಯ ಚಾಕು ಕೊಂಡಾಗ 700 ಗ್ರಾಂ ಬೇಡಿತು, ಪೇಟೆಯದು 480; ಒಪಿನೆಲ್ಲಿಗೂ ಮೋರಾಕ್ಕೂ 300ರ ಆಸುಪಾಸು ಸಾಕಾಯಿತು. ಬಳಿಕ ಮೊದಲೆರಡನ್ನು ಸಾಣೆಕಲ್ಲಿನ ಮೇಲೆ ಅರ್ಧ ಗಂಟೆ ಮಸೆದೆವು. ಸಂತೆಯದು 250ಕ್ಕೂ ಪೇಟೆಯದು 280ಕ್ಕೂ ಇಳಿದವು! ಹರಿತವು ಬೆಲೆಯ ಗುಣವಲ್ಲ, ಸಾಣೆಯ ಗುಣವೆಂಬುದು ಇದರಿಂದ ಸ್ಪಷ್ಟವಾಗುವುದು.

ಬೆಣೆಯ ಕೆಲಸ

ಅಂಚು ಒಳಹೊಕ್ಕ ಮೇಲೆ ಅಲಗು ಬೆಣೆಯಾಗಿ ವರ್ತಿಸುತ್ತದೆ. ಬೆಣೆ ತೆಳುವಾಗಿದ್ದಷ್ಟೂ ಅದೇ ಬಲಕ್ಕೆ ಪಕ್ಕಗಳನ್ನು ದೂಡುವ ಬಲ ಹೆಚ್ಚು. ನಮ್ಮ ತಾಯಿಯವರು ನಾಲ್ಕು ಚಾಕುಗಳಿಂದಲೂ ಗಜ್ಜರಿಯನ್ನು ಹೆಚ್ಚಿ ನೋಡಿದರು. ಒಪಿನೆಲ್ಲಿನ ತೆಳು ಅಲಗು ನಯವಾಗಿ ಇಳಿಯಿತು. ಮೋರಾದ ದಪ್ಪ ಅಲಗು ದಾರವನ್ನು ಅಷ್ಟೇ ಸುಲಭವಾಗಿ ಕತ್ತರಿಸಿದ್ದರೂ, ಗಜ್ಜರಿಯನ್ನು ನಡುವೆ ಟಪ್ಪೆಂದು ಸೀಳಿತು. ಆದರೆ ಕಟ್ಟಿಗೆಯನ್ನು ಕೆತ್ತುವಾಗ ಮೋರಾವೇ ಮೇಲಾಯಿತು. ತೆಳು ಅಲಗು ಪಕ್ಕಕ್ಕೆ ಬಾಗುವ ಭಯ ಅಲ್ಲಿರಲಿಲ್ಲ. "ತರಕಾರಿಗೆ ಇವೆಲ್ಲಕ್ಕಿಂತ ಈಳಿಗೆಮಣೆಯೇ ವಾಸಿ" ಎಂದು ತಾಯಿಯವರು ಹೇಳಿದರು. ಅದರಲ್ಲಿಯೂ ಅರ್ಥವಿದೆ: ಈಳಿಗೆಯ ಅಲಗು ಕದಲದೆ ನಿಂತಿರುವುದರಿಂದ ಎರಡು ಕೈಗಳೂ ತರಕಾರಿಯನ್ನು ಹಿಡಿಯಲು ದೊರೆಯುವುವು.

ಉಕ್ಕಿನ ಹದ

ಮುಂದೆ ಪ್ರತಿಯೊಂದು ಚಾಕುವಿನಿಂದಲೂ ರಟ್ಟಿನ 50 ಪಟ್ಟಿಗಳನ್ನು ಕತ್ತರಿಸಿ, ದಾರದ ಪರೀಕ್ಷೆಯನ್ನು ಪುನಃ ಮಾಡಿದೆವು. ಮೂರು ಚಾಕುಗಳು 330ರಿಂದ 360 ಗ್ರಾಮಿನೊಳಗೆ ನಿಂತವು. ಪೇಟೆಯದು 520ಕ್ಕೆ ಏರಿತು. ಹರಿತವಾಗುವುದು ಬೇರೆ, ಹರಿತವನ್ನು ಉಳಿಸಿಕೊಳ್ಳುವುದು ಬೇರೆ. ಎರಡನೆಯದಕ್ಕೆ ಉಕ್ಕಿನ ಗಡಸುತನ ಬೇಕು. ಕಬ್ಬಿಣದಲ್ಲಿ ನೂರಕ್ಕೆ ಅರ್ಧದಿಂದ ಒಂದು ಭಾಗದಷ್ಟು ಇಂಗಾಲವಿದ್ದು, ಅದನ್ನು ಕೆಂಪಗೆ ಕಾಯಿಸಿ ನೀರಿನಲ್ಲಿಯೋ ಎಣ್ಣೆಯಲ್ಲಿಯೋ ಥಟ್ಟನೆ ಅದ್ದಿದರೆ, ಇಂಗಾಲದ ಪರಮಾಣುಗಳು ಹರಳಿನೊಳಗೆ ಸಿಕ್ಕಿಕೊಂಡು ಲೋಹ ಗಡುಸಾಗುತ್ತದೆ. ಗಾಜಿನಂತೆ ಪೆಡಸೂ ಆಗುತ್ತದೆ. ಮತ್ತೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಪೆಡಸುತನ ತಗ್ಗುವುದು. ಕಮ್ಮಾರನು ಇದನ್ನೇ ಹದ ಹಾಕುವುದೆನ್ನುತ್ತಾನೆ.

ಈ ಲೋಹದೊಡನೆ ನಮ್ಮ ನುಡಿಗೂ ನಂಟುಂಟು. 'ಉಕ್ಕು' ಎಂಬ ಪದವೇ 'ವೂಟ್ಜ್' ಎಂದು ಮಾರ್ಪಟ್ಟು ಯೂರೋಪನ್ನು ಸೇರಿತೆಂಬುದು ಅನೇಕ ವಿದ್ವಾಂಸರ ಮತ. ದಕ್ಷಿಣ ಭಾರತದ ಆ ಉಕ್ಕನ್ನು ಮೈಕೇಲ್ ಫ್ಯಾರಡೆ ಪರೀಕ್ಷಿಸಿದರು. ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಅವರೊಡನೆ 1820ರಲ್ಲಿ ಉಕ್ಕಿನ ಮಿಶ್ರಲೋಹಗಳನ್ನು ಕುರಿತು ಪ್ರಬಂಧವನ್ನೂ ಪ್ರಕಟಿಸಿದರು. ಉಕ್ಕಿಗೆ ಕ್ರೋಮಿಯಂ ಸೇರಿಸಿ ತುಕ್ಕನ್ನು ತಡೆಯುವ ಮಾರ್ಗವನ್ನು ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಕಂಡರು. ಕ್ರೋಮಿಯಂ ಆಕ್ಸೈಡಿನ ಅತಿ ತೆಳುವಾದ ಪೊರೆಯೊಂದು ಅಂತಹ ಅಲಗನ್ನು ಕಾಯುತ್ತದೆ. ಬರಿಯ ಇಂಗಾಲದ ಉಕ್ಕಿಗೆ ಈ ಕವಚವಿಲ್ಲ; ಮಾವಿನಕಾಯಿ ಹೆಚ್ಚಿದ ಒಪಿನೆಲ್ಲಿನ ಅಲಗೂ ಸಂತೆಯ ಚಾಕುವಿನ ಅಲಗೂ ಕೆಲವೇ ನಿಮಿಷಗಳಲ್ಲಿ ಕಪ್ಪಾದವು. ಒರಸಿ, ಕೊಬ್ಬರಿ ಎಣ್ಣೆ ಸವರಿಟ್ಟರೆ ಮುಂದೆ ತುಕ್ಕು ಹಿಡಿಯದು.

ಮೊಂಡು ಚಾಕುವಿನ ಅಪಾಯ

ಹರಿತವಾದ ಚಾಕುವೇ ಅಪಾಯಕರವೆಂದು ಹಲವರು ನಂಬುವರು. ಲೆಕ್ಕ ಹಾಕಿ ನೋಡೋಣ. ಮೊಂಡು ಚಾಕುವನ್ನು 30 ನ್ಯೂಟನ್ ಬಲದಿಂದ ಒತ್ತುತ್ತಿರುವಾಗ ಅದು ಜಾರಿತೆನ್ನಿ. ಚಲಿಸುವ ಕೈಯ ದ್ರವ್ಯರಾಶಿ 1.5 ಕಿಲೋಗ್ರಾಂ ಇದ್ದರೆ ವೇಗೋತ್ಕರ್ಷವು ಸೆಕೆಂಡಿಗೆ ಸೆಕೆಂಡಿಗೆ 20 ಮೀಟರು. ಇನ್ನೊಂದು ಕೈ 10 ಸೆಂಟಿಮೀಟರು ದೂರದಲ್ಲಿದ್ದರೆ, ಅಲಗು ಅದನ್ನು 0.1 ಸೆಕೆಂಡಿನಲ್ಲಿ ಮುಟ್ಟುವುದು. ಕಣ್ಣು ಕಂಡುದಕ್ಕೆ ಕೈ ಪ್ರತಿಕ್ರಿಯೆ ತೋರಲು ಸುಮಾರು 0.2 ಸೆಕೆಂಡು ಬೇಕು. ಎಂದರೆ ತಡೆಯುವುದು ಅಸಾಧ್ಯ. ಹರಿತವಾದ ಚಾಕುವಿಗೆ 6 ನ್ಯೂಟನ್ ಸಾಕಾದರೆ ಆ ಕಾಲ 0.22 ಸೆಕೆಂಡು; ತಾಗುವಾಗಿನ ಚಲನಶಕ್ತಿಯೂ ಐದರಲ್ಲೊಂದು ಭಾಗ. ಹಾಗೆಂದು ಹರಿತವಾದುದರಿಂದ ಗಾಯವಾಗದೆಂದಲ್ಲ. ಅದು ನಮ್ಮ ಹತೋಟಿಯಲ್ಲಿರುವುದೆಂದಷ್ಟೇ ಅರ್ಥ.

ಮಡಿಚುವ ಚಾಕುವಿನಲ್ಲಿ ಮತ್ತೊಂದು ಅಪಾಯವಿದೆ. ತುದಿಯಿಂದ ಚುಚ್ಚುವಾಗ ಅಲಗು ಹಿಂದಕ್ಕೆ ಮಡಿಚಿಕೊಂಡು ಬೆರಳಿಗೆ ತಾಗಬಹುದು. ಒಪಿನೆಲ್ಲಿಗೆ 1955ರಲ್ಲಿ ಸೇರಿಸಿದ, ತಿರುಗಿಸುವ ಉಕ್ಕಿನ ಬಳೆಯು ಅಲಗನ್ನು ಬಿಗಿಯಾಗಿ ನಿಲ್ಲಿಸುತ್ತದೆ. ಪೇಟೆಯ ಚಾಕುವಿನಲ್ಲಿ ಅಂತಹ ಏರ್ಪಾಡಿರಲಿಲ್ಲ.

ಹೀಗಾಗಿ ಚಾರಣದ ಚೀಲಕ್ಕೆ ಒಪಿನೆಲ್ ಸೇರಿತು. ಸಂತೆಯ ಚಾಕು ಅಡುಗೆಮನೆಯಲ್ಲಿ ಖಾಯಂ ಸ್ಥಾನ ಪಡೆಯಿತು. ವಾಚಕರು ತಮ್ಮ ಮನೆಯ ಚಾಕುವನ್ನೂ ಹಿರಿಯರ ಸಮ್ಮುಖದಲ್ಲಿ ಹೀಗೆ ಪರೀಕ್ಷಿಸಬಹುದು. ಮಸೆಯುವಾಗ ಅಲಗು ಕಲ್ಲಿಗೆ ಸುಮಾರು 20 ಡಿಗ್ರಿ ಕೋನದಲ್ಲಿರಲಿ. ಅಲಗಿನ ಅಗಲ 2 ಸೆಂಟಿಮೀಟರಿದ್ದರೆ ಅದರ ಬೆನ್ನನ್ನು ಕಲ್ಲಿನಿಂದ ಸುಮಾರು 7 ಮಿಲಿಮೀಟರು ಎತ್ತಿ ಹಿಡಿಯಬೇಕು. ಈ 7 ಹೇಗೆ ಬಂದಿತೆಂಬುದನ್ನೂ, ಒತ್ತುವ ಬಲ 20 ನ್ಯೂಟನ್ ಆಗಿದ್ದರೆ ಜಾರಿದ ಅಲಗು ಎಷ್ಟು ಕಾಲದಲ್ಲಿ ಇನ್ನೊಂದು ಕೈಯನ್ನು ಮುಟ್ಟುವುದೆಂಬುದನ್ನೂ ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಲಿ.