ಪಂಚಾಯಿತಿ ಕಂಪ್ಯೂಟರಿಗೊಂದು ಬದಲಾವಣೆ ವಹಿ

ಪಂಚಾಯಿತಿಯ ಕಂಪ್ಯೂಟರು ನಿಂತಿತೆಂದರೆ ಪಹಣಿಗೆ ಬಂದ ರೈತನೂ ಪಿಂಚಣಿ ಅರ್ಜಿ ತಂದ ಅಜ್ಜಿಯೂ ಆ ದಿನದ ಕೂಲಿ ಕಳೆದುಕೊಂಡು ಮರಳಬೇಕು. ಎಷ್ಟೋ ವೇಳೆ ಕೆಟ್ಟಿರುವುದು ಯಂತ್ರವಲ್ಲ; ಯಾರೋ ಏನನ್ನೋ ಬದಲಿಸಿ ಹೇಳದೆ ಹೋಗಿರುತ್ತಾರೆ.

ಹಳೆಯ ರೂಟರ್ ತೆಗೆದು ಹೊಸದನ್ನು ಕೂಡಿಸಿದರೆನ್ನಿ. ಹಳೆಯದು 192.168.1 ಎಂದು ಆರಂಭವಾಗುವ ವಿಳಾಸಗಳನ್ನು ಹಂಚುತ್ತಿತ್ತು, ಹೊಸದು 192.168.0 ಎಂದು ಹಂಚುತ್ತದೆ. ಹಳೆಯ ವಿಳಾಸವನ್ನೇ ಖಾಯಂ ಆಗಿ ಹಿಡಿದಿರುವ ಪ್ರಿಂಟರು ಈಗ ಕಂಪ್ಯೂಟರಿಗೆ ಸಿಗುವುದಿಲ್ಲ. ಬರೆದಿಟ್ಟಿದ್ದರೆ ಐದು ನಿಮಿಷದ ಕೆಲಸ. ಇಲ್ಲವಾದರೆ ಪ್ರಿಂಟರನ್ನು ಪೇಟೆಗೆ ಹೊತ್ತೊಯ್ಯುತ್ತೀರಿ. ಅಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ!

ಆದುದರಿಂದ ರೂಲು ಹಾಕಿದ ಒಂದು ಪುಸ್ತಕವನ್ನು ಕಂಪ್ಯೂಟರಿನ ಪಕ್ಕದಲ್ಲೇ ಇಡಿರಿ. ತಾರೀಖು, ವೇಳೆ, ಮೊದಲು ಏನಿತ್ತು, ಈಗ ಏನಾಯಿತು, ಏಕೆ, ಮಾಡಿದವರ ರುಜು—ಇಷ್ಟು ಸಾಕು. ಮೊದಲು ಏನಿತ್ತೆಂಬುದನ್ನು ಕೈಹಾಕುವ ಮುಂಚೆಯೇ ಬರೆಯಬೇಕು, ಆಮೇಲೆ ನೆನಪಾಗದು. ಹೊರಗಿನ ಮೆಕ್ಯಾನಿಕ್ ಬಂದರೆ ಅವರಿಂದಲೂ ಬರೆಸಿಕೊಳ್ಳದೆ ಕಳುಹಿಸಬೇಡಿರಿ. ಕಂಪ್ಯೂಟರಿನೊಳಗೇ ಬರೆದಿಟ್ಟರೆ ಅದು ನಿಂತ ದಿನ ಬರಹವೂ ಸಿಗದು. ತೊಂದರೆ ಬಂದಾಗ ಮೊದಲು ನೋಡಬೇಕಾದುದು ಈ ವಹಿಯ ಕೊನೆಯ ಸಾಲನ್ನು.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿ ಕಳುಹಿಸಿದ ಒಂದು ತಪ್ಪು ತಿದ್ದುಪಡಿಯಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನಿಂತವು. ಬಿಟ್‌ಲಾಕರ್ ಬೀಗ ಹಾಕಿದ್ದ ಎಷ್ಟೋ ಯಂತ್ರಗಳನ್ನು ಸರಿಪಡಿಸಲು 48 ಅಂಕಿಗಳ ಸಂಖ್ಯೆಯೊಂದು ಬೇಕಾಯಿತು. ನಿಮ್ಮ ಯಂತ್ರಕ್ಕೂ ಆ ಬೀಗವಿದ್ದರೆ, ಸಂಖ್ಯೆಯನ್ನೂ ಪಾಸ್‌ವರ್ಡುಗಳನ್ನೂ ವಹಿಯಲ್ಲಿ ಬರೆಯದೆ, ಮೊಹರು ಮಾಡಿದ ಲಕೋಟೆಯಲ್ಲಿ ಬೀರುವಿನೊಳಗಿಡಿರಿ. ಲಕೋಟೆ ಬದಲಿಸಿದ ತಾರೀಖು ಮಾತ್ರ ವಹಿಯಲ್ಲಿರಲಿ.